ಸರ್ಕಾರಿ ಶಾಲೆಗೆ ಸಂಗೀತ, ಚಿತ್ರಕಲೆಯ ಪಾಠಗಳನ್ನು ಮರಳಿ ತರುವುದು ಹೇಗೆ?

ಪ್ರಶ್ನೆ: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಮೈಸೂರು

ನನ್ನ ಮಗಳು ಓದುತ್ತಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಸಂಗೀತ ಶಿಕ್ಷಕರಂತೂ ಅದಕ್ಕೂ ಮೊದಲೇ ಇರಲಿಲ್ಲ. ವೇಳಾಪಟ್ಟಿಯಲ್ಲಿ ಕಲಾ ಶಿಕ್ಷಣದ ಅವಧಿ ಈಗಲೂ ಇದೆ, ಆದರೆ ಅದು ಉಳಿದುಹೋದ ಗಣಿತ ಪಾಠಕ್ಕೆ ಬಳಕೆಯಾಗುತ್ತದೆ. ವರ್ಷದ ಕೊನೆಗೆ ಪ್ರಗತಿಪತ್ರದಲ್ಲಿ ಮಾತ್ರ ಎಲ್ಲ ಮಕ್ಕಳಿಗೂ ಶ್ರೇಣಿ ಬಂದಿರುತ್ತದೆ. ಪ್ರತಿಭಾ ಕಾರಂಜಿ ಹತ್ತಿರವಾದಾಗ ಮೊಬೈಲಿನಲ್ಲಿ ಹಾಡು ಹಾಕಿ, ಮೊದಲೇ ಹಾಡಬಲ್ಲ ನಾಲ್ಕೈದು ಮಕ್ಕಳಿಂದ ಅಭ್ಯಾಸ ಮಾಡಿಸುತ್ತಾರೆ. ಬೀರುವಿನ ಮೇಲೆ ಹಳೆಯ ಹಾರ್ಮೋನಿಯಂ ಒಂದಿದೆ: ತಿದಿ ಹರಿದಿದೆ, ಕೆಲವು ಕೀಗಳು ಒತ್ತಿದರೆ ಮೇಲೇಳುವುದಿಲ್ಲ. ಅದರ ದುರಸ್ತಿಗೆ ದಾನಿಯೊಬ್ಬರು ಒಪ್ಪಿದ್ದಾರೆ. ವೀಣೆ ಶೇಷಣ್ಣನವರ ಊರಿನಲ್ಲಿ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಕಲಿಯಲು ಖಾಸಗಿ ಪಾಠಕ್ಕೇ ಹೋಗಬೇಕೇ? ಸಮಿತಿಯಾಗಿ ನಾವು ಏನು ಮಾಡಬಹುದು?

ಉತ್ತರ 1: ನಿವೃತ್ತ ಚಿತ್ರಕಲಾ ಶಿಕ್ಷಕ, ಮಂಡ್ಯ

ಹಾರ್ಮೋನಿಯಂ ಆಮೇಲೆ ಆಗಲಿ ತಾಯಿ, ಮೊದಲು ಅದನ್ನು ನುಡಿಸಿ ಕಲಿಸುವವರು ಬೇಕೆಂದು ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ, 6ರಿಂದ 8ನೆಯ ತರಗತಿಗಳಲ್ಲಿ ದಾಖಲಾತಿ 100ನ್ನು ಮೀರಿದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಲೇಬೇಕು. ಅದೇ ಕಾಯ್ದೆಯ 22ನೆಯ ಕಲಮು ಶಾಲಾಭಿವೃದ್ಧಿ ಯೋಜನೆ ಸಿದ್ಧಪಡಿಸುವ ಹೊಣೆಯನ್ನು ಸಮಿತಿಗೆ ಕೊಟ್ಟಿದೆ. ನಾನು ಕಂಡ ಬಹುಪಾಲು ಯೋಜನೆಗಳಲ್ಲಿ ಕಾಂಪೌಂಡು, ಶೌಚಾಲಯ, ಬಣ್ಣ ಬಳಿಯುವುದು ಇರುತ್ತಿದ್ದವು. ಬೋಧಕರ ಬೇಡಿಕೆ ಒಂದು ಸಾಲೂ ಇರುತ್ತಿರಲಿಲ್ಲ. ಬರೆದು ಕೇಳದಿದ್ದರೆ ಬೇಡಿಕೆಯೇ ಇಲ್ಲವೆಂದು ಕಡತ ಮುಚ್ಚಿಬಿಡುತ್ತಾರೆ.

ಉತ್ತರ 2: ಸಂಗೀತ ವಿದ್ಯಾರ್ಥಿನಿ, ಮೈಸೂರು

ಹುದ್ದೆ ಮಂಜೂರಾಗುವಷ್ಟರಲ್ಲಿ ಈಗಿನ ಮಕ್ಕಳು ಶಾಲೆ ಬಿಟ್ಟಿರುತ್ತಾರೆ. ನಮ್ಮ ಊರಿನಲ್ಲಿ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವಿದೆ, 1965ರಲ್ಲಿ ಆರಂಭವಾದ ಲಲಿತಕಲಾ ಕಾಲೇಜಿದೆ, ಚಿತ್ರಕಲೆಗೆ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ) ಇದೆ. ಅಲ್ಲಿನ ಹಿರಿಯ ವಿದ್ಯಾರ್ಥಿಗಳು ವಾರಕ್ಕೆ ಎರಡು ಅವಧಿ ಬಂದರೆ, ಶ್ರುತಿಪೆಟ್ಟಿಗೆಯ ಬದಲು ಮೊಬೈಲಿನ ತಂಬೂರಿ ಆ್ಯಪ್ ಇಟ್ಟುಕೊಂಡೇ ಸರಳೆ, ಜಂಟಿ ವರಸೆಗಳನ್ನೂ ಆದಿತಾಳ ಹಾಕುವುದನ್ನೂ ಚೆನ್ನಾಗಿ ಕಲಿಸಬಹುದು. ಪ್ರಾಂಶುಪಾಲರಿಗೆ ಮುಖ್ಯ ಶಿಕ್ಷಕರಿಂದಲೇ ಪತ್ರ ಹೋಗಲಿ, ಬಸ್ ಖರ್ಚನ್ನು ದಾನಿಯಿಂದ ಕೇಳಿ.

ಉತ್ತರ 3: ಪ್ರೌಢಶಾಲಾ ಶಿಕ್ಷಕ, ಮಂಡ್ಯ

ವಿದ್ಯಾರ್ಥಿನಿಯವರ ಉತ್ಸಾಹ ಮೆಚ್ಚತಕ್ಕದ್ದೇ, ಆದರೆ ಒಂದು ಎಚ್ಚರಿಕೆ. ಪರೀಕ್ಷೆ ಬಂದೊಡನೆ ಈ ಸ್ವಯಂಸೇವಕರು ನಿಲ್ಲುತ್ತಾರೆ, ಅದು ಅವರ ತಪ್ಪಲ್ಲ. ಅಷ್ಟರಲ್ಲಿ ಇಲಾಖೆಯು ‘ಪಾಠ ನಡೆಯುತ್ತಿದೆಯಲ್ಲ’ ಎಂದು ಹುದ್ದೆಯ ವಿಷಯವನ್ನೇ ಕೈಬಿಟ್ಟಿರುತ್ತದೆ. ಆದ್ದರಿಂದ ಪತ್ರದಲ್ಲಿ ‘ತಾತ್ಕಾಲಿಕ ವ್ಯವಸ್ಥೆ’ ಎಂದು ಸ್ಪಷ್ಟವಾಗಿ ಬರೆಸಿ. ಕಲೆಯೆಂದರೆ ಶಾಸ್ತ್ರೀಯ ಸಂಗೀತ ಒಂದೇ ಎಂದೂ ಭಾವಿಸಬೇಡಿ: ನಮ್ಮ ಕಡೆಯ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ತಂಬೂರಿ ಮೀಟಿ ಹಾಡುವಾಗ ಮಕ್ಕಳು ಸೊಲ್ಲಿಗೆ ದನಿಗೂಡಿಸುವುದನ್ನು ನೋಡಿದ್ದೇನೆ, ಪೂಜಾ ಕುಣಿತ ಕಲಿಸಬಲ್ಲವರೂ ಇದ್ದಾರೆ. ಅಂಥವರಿಗೆ ಪದವಿ ಪ್ರಮಾಣಪತ್ರವಿಲ್ಲವೆಂಬ ಕಾರಣಕ್ಕೆ ಶಾಲೆಯ ಬಾಗಿಲು ಮುಚ್ಚಿರುವುದು ನನಗೆ ಸರಿಯೆನಿಸಿಲ್ಲ. ಸಂಭಾವನೆ ಕೊಟ್ಟೇ ಕರೆಯಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ನಮ್ಮಲ್ಲಿ 6ರಿಂದ 8ರವರೆಗಿನ ದಾಖಲಾತಿಯೇ 100ನ್ನು ದಾಟಿದೆ. ಮುಂದಿನ ಸಭೆಯಲ್ಲಿ ಅರೆಕಾಲಿಕ ಬೋಧಕರ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸ್ವೀಕೃತಿಯೊಂದಿಗೆ ಸಲ್ಲಿಸುತ್ತೇವೆ. ದಾನಿಯ ಹಣದ ಬಗ್ಗೆ ಅವರೊಡನೆಯೇ ಮಾತನಾಡಿ ತೀರ್ಮಾನಿಸಬೇಕಿದೆ; ಅವರಿಗೆ ಹಾರ್ಮೋನಿಯಂ ಮೇಲೆ ತಮ್ಮ ತಂದೆಯ ಹೆಸರು ಬರೆಸುವ ಆಸೆಯಿದೆ.