ಕರ್ನಲ್ ಬ್ಯಾಕ್‌ಟ್ರೇಸ್‌ನಲ್ಲಿ ಯೂಸರ್ ವಿಳಾಸಗಳು: ಎಲ್ಲಿ ಕತ್ತರಿಸಬೇಕು?

ಪ್ರಶ್ನೆ

ಮೇಡಂ, ನಮಸ್ಕಾರ. ಡಿವೈಸ್ ಡ್ರೈವರ್ ಬರೆಯೋದು ಕಲಿಯುತ್ತಿದ್ದೇನೆ. ಕ್ಯೂಎಮು ಎಂಬ ವರ್ಚುವಲ್ ಯಂತ್ರದ ಒಳಗೆ 64 ಬಿಟ್ ಎಕ್ಸ್86 ಲಿನಕ್ಸ್ ಓಡಿಸಿ, ಹೊರಗಿನಿಂದ ಜಿಡಿಬಿ ಡಿಬಗ್ಗರ್ ಜೋಡಿಸಿದ್ದೇನೆ. ನನ್ನ ಡ್ರೈವರ್‌ನ ಐಆಕ್ಟಲ್ ಫಂಕ್ಷನ್ (ಯೂಸರ್ ಪ್ರೋಗ್ರಾಂ ಡ್ರೈವರ್‌ಗೆ ಕಮಾಂಡ್ ಕಳಿಸಿದಾಗ ಓಡುವುದು) ಮೇಲೆ ಬ್ರೇಕ್‌ಪಾಯಿಂಟ್ ಇಟ್ಟು ಬಿಟಿ (ಬ್ಯಾಕ್‌ಟ್ರೇಸ್, ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ಹೊಡೆದರೆ ಮೊದಲ ನಾಲ್ಕೈದು ಸಾಲು ಚೆನ್ನಾಗಿಯೇ ಬರುತ್ತವೆ. ‘ಎಂಟ್ರಿ ಸಿಸ್‌ಕಾಲ್ 64’ ಆದಮೇಲೆ ಸುಮಾರು ಇಪ್ಪತ್ತು ಸಾಲು ಹೆಸರೇ ಇಲ್ಲ, ಬರೀ ಎರಡೆರಡು ಪ್ರಶ್ನಾರ್ಥಕ ಚಿಹ್ನೆ. ಕೆಲವು ವಿಳಾಸ 7ಎಫ್‌ನಿಂದ ಶುರುವಾಗುತ್ತವೆ, ಕೆಲವು ಬರೀ ಸೊನ್ನೆ, ಒಂದು 246. ಇವೆಲ್ಲ ಯೂಸರ್ ಸ್ಪೇಸ್ ಫ್ರೇಮ್‌ಗಳು, ಅಂದರೆ ಯೂಸರ್ ಪ್ರೋಗ್ರಾಂನ ಕರೆಗಳು, ಅಲ್ವಾ? ಸದ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆ ಇರುವ ಸಾಲನ್ನೆಲ್ಲ ಗ್ರೆಪ್‌ನಲ್ಲಿ ಕಿತ್ತುಹಾಕುತ್ತಿದ್ದೇನೆ. ಇದಕ್ಕಿಂತ ಒಳ್ಳೆ ದಾರಿ ಇದೆಯಾ?

ಉತ್ತರ

ಮೊದಲು ಆ ಗ್ರೆಪ್ ನಿಲ್ಲಿಸಿ. ಕಾರಣ ಆಮೇಲೆ ಹೇಳುತ್ತೇನೆ.

ಆ ಇಪ್ಪತ್ತು ಸಾಲು ಯೂಸರ್ ಫ್ರೇಮ್‌ಗಳೇ ಅಲ್ಲ. ಯಾರೂ ಯಾರನ್ನೂ ಕರೆದಿಲ್ಲ. ಸಿಸ್ಟಂ ಕಾಲ್ ಮೂಲಕ ಒಳಗೆ ಬಂದ ತಕ್ಷಣ ಕರ್ನಲ್ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಯೂಸರ್ ಪ್ರೋಗ್ರಾಂನ ರಿಜಿಸ್ಟರ್‌ಗಳನ್ನು ತನ್ನ ಸ್ಟ್ಯಾಕ್‌ನ ತುದಿಯಲ್ಲಿ ಸಾಲಾಗಿ ಇಡುವುದು. ಇದಕ್ಕೆ ‘ಪಿಟಿ ರೆಗ್ಸ್’ ಅನ್ನುತ್ತಾರೆ. ಒಟ್ಟು 21 ಪದ, 168 ಬೈಟ್. ಆ ಎಂಟ್ರಿ ಕೋಡ್ ಅಸೆಂಬ್ಲಿಯಲ್ಲಿದೆ. ಅಲ್ಲಿಂದ ಹಿಂದಕ್ಕೆ ಹೋಗುವುದು ಹೇಗೆ ಅಂತ ಹೇಳುವ ಡ್ವಾರ್ಫ್ ಮಾಹಿತಿ ಜಿಡಿಬಿಗೆ ಅಲ್ಲಿ ಸಿಗುವುದಿಲ್ಲ. ಆಗ ಅದು ಊಹೆ ಮಾಡುತ್ತದೆ. ಮುಂದಿನ ಎಂಟು ಬೈಟ್ ರಿಟರ್ನ್ ವಿಳಾಸ ಇರಬೇಕು, ಅದರ ಮುಂದಿನದೂ ಇರಬೇಕು, ಹೀಗೆ. ರಿಜಿಸ್ಟರ್‌ಗಳನ್ನೇ ಫಂಕ್ಷನ್ ಅಂದುಕೊಂಡು ಒಂದೊಂದೇ ಮುದ್ರಿಸುತ್ತಾ ಹೋಗುತ್ತದೆ.

ನಂಬಿಕೆ ಬರದಿದ್ದರೆ ನಿಮ್ಮ ಸಾಲುಗಳನ್ನೇ ಮತ್ತೆ ನೋಡಿ. 246 ಎರಡು ಸಲ ಬಂದಿರಬೇಕು. ಅದು ಫ್ಲ್ಯಾಗ್ಸ್ ರಿಜಿಸ್ಟರ್‌ನ ಬೆಲೆ. ಸಿಸ್‌ಕಾಲ್ ಸೂಚನೆ ಫ್ಲ್ಯಾಗ್ಸನ್ನು ಆರ್11ರಲ್ಲಿ ಇಡುತ್ತದೆ, ವಾಪಸ್ ಹೋಗಬೇಕಾದ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲಿ ಇಡುತ್ತದೆ. ಹಾಗಾಗಿ ಎರಡೂ ಎರಡೆರಡು ಕಡೆ ಕಾಣುತ್ತವೆ. ಕೊನೆಯ ಕಡೆ 33 ಮತ್ತು 2ಬಿ ಇರುತ್ತವೆ. ಅವು ಯೂಸರ್ ಮೋಡ್‌ನ ಸಿಎಸ್ ಮತ್ತು ಎಸ್‌ಎಸ್ ಸೆಗ್ಮೆಂಟ್ ರಿಜಿಸ್ಟರ್‌ಗಳು. ನಡುವೆ ಎಲ್ಲೋ 10 ಇರಬೇಕು, ಹೆಕ್ಸ್‌ನಲ್ಲಿ. ದಶಮಾನದಲ್ಲಿ 16, ಅಂದರೆ ಐಆಕ್ಟಲ್‌ನ ಸಿಸ್ಟಂ ಕಾಲ್ ಸಂಖ್ಯೆ.

ಈಗ ತೆಗೆಯುವ ವಿಷಯ. ಅವಸರಕ್ಕೆ ಸುಮ್ನೆ ಬಿಟಿ 6 ಅಂತ ಹೊಡೆಯಿರಿ, ಮೊದಲ ಆರು ಫ್ರೇಮ್ ಅಷ್ಟೇ ಬರುತ್ತವೆ. ದಿನಾ ಇದೇ ಕೆಲಸ ಅಂದರೆ ಜಿಡಿಬಿಯ ಪೈಥಾನ್‌ನಲ್ಲಿ ಒಂದು ಫ್ರೇಮ್ ಫಿಲ್ಟರ್ ಬರೆಯಿರಿ. ಹದಿನೈದು ಸಾಲಿನ ಕೆಲಸ. ಫ್ರೇಮ್‌ಗಳು ಒಂದೊಂದಾಗಿ ಬರುತ್ತವೆ. ಹೆಸರು ‘ಎಂಟ್ರಿ ಸಿಸ್‌ಕಾಲ್’ ಅಥವಾ ‘ರೆಟ್ ಫ್ರಮ್ ಫೋರ್ಕ್’ ಇಂದ ಶುರುವಾದರೆ ಅದನ್ನು ತೋರಿಸಿ ಅಲ್ಲಿಗೆ ನಿಲ್ಲಿಸಿ. ಅದೇ ಹೊಸ್ತಿಲು. ಹೊಸ್ತಿಲ ಆಚೆ ಏನಿದ್ದರೂ ಅದು ಈ ಟ್ರೇಸ್‌ಗೆ ಸೇರಿದ್ದಲ್ಲ. ಪೂರ್ತಿ ನೋಡಬೇಕು ಅನಿಸಿದಾಗ ಬಿಟಿಗೆ ‘ನೋ ಫಿಲ್ಟರ್ಸ್’ ಆಯ್ಕೆ ಕೊಟ್ಟರೆ ಎಲ್ಲ ವಾಪಸ್ ಬರುತ್ತದೆ.

ಗ್ರೆಪ್ ಯಾಕೆ ಬೇಡ? ಸಿಂಬಲ್ (ಫಂಕ್ಷನ್ ಹೆಸರುಗಳ ಪಟ್ಟಿ) ಲೋಡ್ ಮಾಡದ ಮಾಡ್ಯೂಲ್‌ನ ಫ್ರೇಮ್‌ಗೂ ಅದೇ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಅದು ಅಪ್ಪಟ ಕರ್ನಲ್ ಕೋಡ್. ನಿಮ್ಮ ಡ್ರೈವರ್ ಇನ್ನೊಂದು ಮಾಡ್ಯೂಲ್‌ನಿಂದ ಕರೆಸಿಕೊಂಡಿದ್ದರೆ, ಕರೆದವರೇ ಮಾಯ. ಕರ್ನಲ್ ಜೊತೆ ಬರುವ ಜಿಡಿಬಿ ಸ್ಕ್ರಿಪ್ಟ್‌ಗಳಲ್ಲಿ ‘ಎಲ್‌ಎಕ್ಸ್ ಸಿಂಬಲ್ಸ್’ ಅಂತ ಒಂದಿದೆ, ಮಾಡ್ಯೂಲ್‌ಗಳ ಸಿಂಬಲ್ ಲೋಡ್ ಮಾಡುತ್ತದೆ. ಮೊದಲು ಅದನ್ನು ಓಡಿಸಿ, ಆಮೇಲೆ ಯಾವುದು ಕಸ ಅಂತ ತೀರ್ಮಾನಿಸಿ.

ಅದೇ ವ್ಯಕ್ತಿ

ಹೆಸರು ನೋಡುವ ಬದಲು ವಿಳಾಸದ ವ್ಯಾಪ್ತಿಯನ್ನೇ ನೋಡಿದರೆ ಸಾಕಲ್ವಾ ಮೇಡಂ? ಮೇಲಿನ ಅರ್ಧ ಕರ್ನಲ್, ಕೆಳಗಿನ ಅರ್ಧ ಯೂಸರ್. ಒಂದು ಹೋಲಿಕೆಯಲ್ಲಿ ಮುಗಿಯುತ್ತದೆ.

ಉತ್ತರ

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ನನಗೂ ಹೊಳೆದಿತ್ತು, ಪೆಟ್ಟೂ ತಿಂದೆ.

ಲೆಕ್ಕವೇನೋ ಸರಿ. ನಾಲ್ಕು ಹಂತದ ಪೇಜ್ ಟೇಬಲ್ ಇರುವ ಎಕ್ಸ್86ರಲ್ಲಿ ಯೂಸರ್‌ಗೆ ಕೆಳಗಿನ 128 ಟೆರಾಬೈಟ್. ಕರ್ನಲ್ ವಿಳಾಸಗಳು ನಾಲ್ಕು ಎಫ್ ಆಮೇಲೆ 8 ಅನ್ನುವಲ್ಲಿಂದ ಮೇಲಕ್ಕೆ. ನಡುವೆ ಯಾರೂ ಬಳಸಲಾಗದ ದೊಡ್ಡ ಖಾಲಿ ಜಾಗ. ಐದು ಹಂತದ ಪೇಜ್ ಟೇಬಲ್ ಆದರೆ ಯೂಸರ್ ಭಾಗ 64 ಪೆಟಾಬೈಟ್‌ಗೆ ಬೆಳೆಯುತ್ತದೆ, ಗಡಿಯೂ ಸರಿಯುತ್ತದೆ. 32 ಬಿಟ್‌ನಲ್ಲಿ ಸಾಮಾನ್ಯವಾಗಿ 3 ಜಿಬಿ ಯೂಸರ್‌ಗೆ, 1 ಜಿಬಿ ಕರ್ನಲ್‌ಗೆ.

ಆದರೆ ನಿಮ್ಮ ಟ್ರೇಸ್‌ನಲ್ಲೇ ಇದನ್ನು ಮೀರಿಸುವ ಸಾಲೊಂದಿದೆ. ಎಲ್ಲ ಎಫ್, ಕೊನೆಯಲ್ಲಿ ಡಿಎ. ಕಂಡಿತಾ? ನೋಡಲು ಕರ್ನಲ್ ವಿಳಾಸದ ಹಾಗೇ ಇದೆ. ನಿಜದಲ್ಲಿ ಅದು ಮೈನಸ್ 38, ಅಂದರೆ ‘ಇಂಥ ಸಿಸ್ಟಂ ಕಾಲ್ ಇಲ್ಲ’ ಅನ್ನುವ ಎರರ್ ಸಂಖ್ಯೆ. ನಿಜವಾದ ಫಲಿತಾಂಶ ಬರುವ ತನಕ ಇರಲಿ ಅಂತ ಎಂಟ್ರಿ ಕೋಡ್ ಆರ್‌ಎಎಕ್ಸ್ ಜಾಗದಲ್ಲಿ ಅದನ್ನು ತುಂಬಿಟ್ಟಿರುತ್ತದೆ. ನಿಮ್ಮ ವ್ಯಾಪ್ತಿಯ ಜರಡಿಯಲ್ಲಿ ಇದು ಕರ್ನಲ್ ಫ್ರೇಮ್ ಆಗಿ ಉಳಿದುಬಿಡುತ್ತದೆ. ಹಳೆಯ ವಿಸಿಸ್‌ಕಾಲ್ ಪುಟವೂ ಹಾಗೇ. ಇರುವುದು ಮೇಲಿನ ಅರ್ಧದಲ್ಲಿ, ಆದರೆ ಯೂಸರ್ ಪ್ರೋಗ್ರಾಂಗಳಿಗಾಗಿ.

ಇನ್ನೊಂದು ಕಡೆಯ ತಪ್ಪು ಇದಕ್ಕಿಂತ ಕೆಟ್ಟದ್ದು. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ನಾನೇ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಕ್ರ್ಯಾಶ್ ಲಾಗ್‌ನಿಂದ ಯೂಸರ್ ವಿಳಾಸ ಇರುವ ಸಾಲನ್ನೆಲ್ಲ ತೆಗೆದು ಚೊಕ್ಕ ಮಾಡುವ ಸ್ಕ್ರಿಪ್ಟ್. ತಂಡಕ್ಕೆಲ್ಲ ಇಷ್ಟವಾಗಿತ್ತು. ಒಂದು ಡ್ರೈವರ್ ಆಗಾಗ ಬೀಳುತ್ತಿತ್ತು. ಚೊಕ್ಕವಾದ ಟ್ರೇಸ್‌ನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಎರಡು ದಿನ ಲಾಕ್‌ಗಳನ್ನು ಬೈದುಕೊಂಡು ಕಳೆದೆವು. ಕೊನೆಗೆ ಮೂಲ ಲಾಗ್ ತೆರೆದರೆ ತಲೆಯಲ್ಲೇ ಒಂದು ಸಾಲು: ಆರ್‌ಐಪಿ 0010, ಪಕ್ಕದಲ್ಲಿ ಒಂದು ಯೂಸರ್ ವಿಳಾಸ. 0010 ಕರ್ನಲ್‌ನ ಸಿಎಸ್. ಅಂದರೆ ಕರ್ನಲ್ ಮೋಡ್‌ನಲ್ಲಿ ಇದ್ದುಕೊಂಡೇ ಪ್ರೊಸೆಸರ್ ಯೂಸರ್ ವಿಳಾಸಕ್ಕೆ ಜಿಗಿದಿತ್ತು. ಎಸ್‌ಎಂಇಪಿ (ಕರ್ನಲ್ ಮೋಡ್‌ನಲ್ಲಿ ಯೂಸರ್ ಪುಟದ ಕೋಡ್ ಓಡಿಸಲು ಬಿಡದ ಪ್ರೊಸೆಸರ್ ರಕ್ಷಣೆ) ಅದನ್ನು ಅಲ್ಲೇ ತಡೆದಿತ್ತು. ಫ್ರೀ ಆದ ಸ್ಟ್ರಕ್ಟ್‌ನ ಒಳಗಿನ ಫಂಕ್ಷನ್ ಪಾಯಿಂಟರ್ ಅದು. ಇಡೀ ಕೇಸಿನ ಏಕೈಕ ಸಾಕ್ಷಿಯನ್ನು ನನ್ನ ಸ್ಕ್ರಿಪ್ಟೇ ಒರೆಸಿ ಹಾಕುತ್ತಿತ್ತು.

ಅಂದಿನಿಂದ ನಾನು ಸಾಲು ಸಾಲಾಗಿ ಆರಿಸುವುದನ್ನು ಬಿಟ್ಟೆ. ಹೊಸ್ತಿಲ ತನಕ ಏನನ್ನೂ ಮುಟ್ಟುವುದಿಲ್ಲ. ಹೊಸ್ತಿಲ ಈಚೆ ಯೂಸರ್ ವಿಳಾಸ ಕಂಡರೆ ತೆಗೆಯುವುದಿರಲಿ, ಅಲ್ಲೇ ಮೊದಲು ಕೂರುತ್ತೇನೆ.

ಇಂಟರಪ್ಟ್ ಬಗ್ಗೆ ಒಂದು ಎಚ್ಚರಿಕೆ. ‘ಎಎಸ್‌ಎಂ ಸಿಸ್‌ವೆಕ್’ ಅಥವಾ ‘ಎಎಸ್‌ಎಂ ಎಕ್ಸ್‌ಸಿ’ ಅಂತ ಶುರುವಾಗುವ ಹೆಸರುಗಳು ಯಾವಾಗಲೂ ಹೊಸ್ತಿಲಲ್ಲ. ಟೈಮರ್ ಇಂಟರಪ್ಟ್ ಕರ್ನಲ್ ಕೋಡ್ ಓಡುವಾಗಲೂ ಬರುತ್ತದೆ. ಅಲ್ಲಿ ಉಳಿಸಿಟ್ಟ ಸಿಎಸ್‌ನ ಕೊನೆಯ ಎರಡು ಬಿಟ್ ನೋಡಿ. 3 ಇದ್ದರೆ ಯೂಸರ್‌ನಿಂದ ಬಂದದ್ದು, ನಿಲ್ಲಿಸಿ. ಸೊನ್ನೆ ಇದ್ದರೆ ಕರ್ನಲ್ಲೇ ಅಡ್ಡಿಗೆ ಸಿಕ್ಕಿದ್ದು, ಅದರ ಕೆಳಗಿನ ಫ್ರೇಮ್‌ಗಳು ಬೇಕೇ ಬೇಕು. ಕರ್ನಲ್ ಒಳಗಿನ ‘ಯೂಸರ್ ಮೋಡ್’ ಅನ್ನುವ ಪುಟ್ಟ ಫಂಕ್ಷನ್ ಎಕ್ಸ್86ರಲ್ಲಿ ನೋಡುವುದೂ ಈ ಬಿಟ್‌ಗಳನ್ನೇ, ವಿಳಾಸವನ್ನಲ್ಲ.

ಇನ್ನೊಬ್ಬ ಸದಸ್ಯರು

ನಾನು ಹಳೆಯ 32 ಬಿಟ್ ಆರ್ಮ್ ಬೋರ್ಡ್‌ನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಗೂ ಇದೇ ನಿಯಮನಾ?

ಉತ್ತರ

ಹೊಸ್ತಿಲಲ್ಲಿ ಕತ್ತರಿಸುವುದು ಅಲ್ಲೂ ಸರಿ. ವ್ಯಾಪ್ತಿ ನೋಡಿ ಕತ್ತರಿಸಿದರೆ ಅಲ್ಲೂ ಎಡವುತ್ತೀರಿ. ತುದಿಯಲ್ಲಿರುವ ವೆಕ್ಟರ್ ಪುಟದಲ್ಲಿ ಯೂಸರ್ ಪ್ರೋಗ್ರಾಂಗಳು ಕರೆಯುವ ಸಹಾಯಕ ಫಂಕ್ಷನ್‌ಗಳಿವೆ, ಕರ್ನಲ್ ವಿಳಾಸದಲ್ಲಿ ಕೂತ ಯೂಸರ್ ಮೋಡ್ ಕೋಡ್ ಅದು. 64 ಬಿಟ್ ಆರ್ಮ್‌ನಲ್ಲಿ ಎಲ್ಲಿ ಯಾವುದು ಅಂತ 55ನೇ ಬಿಟ್ ಹೇಳುತ್ತದೆ. ಐಬಿಎಂನ ಎಸ್390ರಲ್ಲಿ ಯೂಸರ್ ಮತ್ತು ಕರ್ನಲ್ ವಿಳಾಸ ಲೋಕಗಳೇ ಬೇರೆ ಬೇರೆ. ಒಂದೇ ಸಂಖ್ಯೆ ಎರಡೂ ಕಡೆ ಇರಬಹುದು. ಅಲ್ಲಿ ವಿಳಾಸ ನೋಡಿ ಏನೂ ಹೇಳಲಾಗದು.

ಮತ್ತೊಬ್ಬ ಸದಸ್ಯರು

ವಿಂಡೋಸ್ ಕಡೆಯವನು. ವಿನ್‌ಡಿಬಿಜಿ ಡಿಬಗ್ಗರ್‌ನಲ್ಲಿ ಬ್ಯಾಕ್‌ಟ್ರೇಸ್‌ಗಾಗಿ ಕೆ ಹೊಡೆದರೂ ಕರ್ನಲ್ ಆದಮೇಲೆ ಯೂಸರ್ ಸಾಲುಗಳು ಬರುತ್ತವೆ. ಅವೂ ಕಸವೇ?

ಉತ್ತರ

ಇಲ್ಲ, ಅಲ್ಲಿ ಕಥೆ ಬೇರೆ. 64 ಬಿಟ್ ವಿಂಡೋಸ್‌ನಲ್ಲಿ ಗಡಿ ದಾಟಲು ಬೇಕಾದ ಅನ್‌ವೈಂಡ್ ಮಾಹಿತಿ (ಹಿಂದಕ್ಕೆ ಹೋಗುವ ದಾರಿ) ಇರುತ್ತದೆ. ಹಾಗಾಗಿ ಸಿಸ್ಟಂ ಕಾಲ್ ಮಾಡುವ ಯೂಸರ್ ಲೈಬ್ರರಿ ಎನ್‌ಟಿಡಿಎಲ್‌ಎಲ್‌ನಿಂದ ಆಚೆ ಕಾಣುವುದು ನಿಜವಾದ ಕರೆಗಳೇ. ಆದರೆ ಸರಿಯಾದ ಪ್ರೋಸೆಸ್‌ನ ಸಂದರ್ಭಕ್ಕೆ ಹೋಗಿ ಯೂಸರ್ ಸಿಂಬಲ್‌ಗಳನ್ನು ರೀಲೋಡ್ ಮಾಡಿರಬೇಕು. ಇಲ್ಲದಿದ್ದರೆ ಬೇರೆ ಯಾರದೋ ಮನೆಯ ಹೆಸರು ಇವರ ಬಾಗಿಲಿಗೆ ಅಂಟಿರುತ್ತದೆ.

ಮೊದಲ ಪ್ರಶ್ನೆ ಕೇಳಿದವರು

ಮೇಡಂ, ಫಿಲ್ಟರ್ ಹಾಕುವ ಮೊದಲು ಒಂದು ಸಲ ಪೂರ್ತಿ ಟ್ರೇಸ್ ಓದಿದೆ. 246 ಎರಡು ಸಲ ಇದೆ. ಡಿಎ ಕೂಡ ಇದೆ, 33 ಇದೆ. 10ರ ಹಿಂದಿನ ಸಾಲು 3, ಅದು ನನ್ನ ಫೈಲ್ ಡಿಸ್ಕ್ರಿಪ್ಟರ್ ಇರಬೇಕು. ಅದರ ಹಿಂದಿನದು 400ಸಿ6ಬಿ01. ನನ್ನ ಐಆಕ್ಟಲ್ ಮೂರು ದಿನದಿಂದ ಎರರ್ 25 (ಈ ಕಮಾಂಡ್ ಇಲ್ಲಿ ನಡೆಯದು) ಕೊಡುತ್ತಿದೆ, ಅದನ್ನು ಹಿಡಿಯಲೆಂದೇ ಈ ಡಿಬಗ್ಗಿಂಗ್ ಶುರು ಮಾಡಿದ್ದು. ಕಮಾಂಡ್ ಸಂಖ್ಯೆ ನೋಡೋಣ ಅಂದರೆ ಆಪ್ಟಿಮೈಸ್ ಆಗಿ ಹೋಗಿದೆ ಅಂತ ಜಿಡಿಬಿ ಹೇಳುತ್ತಿತ್ತು. ಇದೇ ಆ ಸಂಖ್ಯೆನಾ?

ಉತ್ತರ

ಅದೇ. ಆರ್‌ಎಸ್‌ಐ, ಐಆಕ್ಟಲ್‌ನ ಎರಡನೇ ಆರ್ಗ್ಯುಮೆಂಟ್. ಆ 0ಸಿ ಅನ್ನುವುದು ಸ್ಟ್ರಕ್ಟ್‌ನ ಅಳತೆ, 12 ಬೈಟ್. ಅಳತೆ ಬದಲಾದರೆ ಕಮಾಂಡ್ ಸಂಖ್ಯೆಯೂ ಬದಲಾಗುತ್ತದೆ. ಡ್ರೈವರ್ ಕಡೆ ಅದೇ ಸ್ಟ್ರಕ್ಟ್ ಎಷ್ಟು ಬೈಟ್ ಅಂತ ನೋಡಿ.

ಮೊದಲ ಪ್ರಶ್ನೆ ಕೇಳಿದವರು

16. ಕಳೆದ ವಾರ ಒಂದು ಫೀಲ್ಡ್ ಸೇರಿಸಿದ್ದೆ. ಟೆಸ್ಟ್ ಪ್ರೋಗ್ರಾಂ ಹಳೆಯ ಹೆಡರ್‌ನಲ್ಲೇ ಕಂಪೈಲ್ ಆಗಿದೆ!