ಟೆಕ್ ಲೈವ್ ಪೂರ್ತಿ ಬೇಕೇ, ಅಗತ್ಯ ಬಿದ್ದಾಗ ಪ್ಯಾಕೇಜ್ ತರಿಸಿಕೊಂಡರೆ ಸಾಕೇ?

ಪ್ರಶ್ನೆ:
ನಮಸ್ಕಾರ. ನನ್ನ ಪಿಎಚ್.ಡಿ. ಪ್ರಬಂಧವನ್ನು ಕನ್ನಡದಲ್ಲಿ, ಲೇಟೆಕ್ (ಬರಹವನ್ನು ಪುಟಗಳಾಗಿ ಜೋಡಿಸುವ ತಂತ್ರಾಂಶ) ಬಳಸಿ ಸಿದ್ಧಪಡಿಸುತ್ತಿದ್ದೇನೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ. ಲೇಟೆಕ್ ಮತ್ತು ಅದರ ಪ್ಯಾಕೇಜುಗಳ (ಹೆಚ್ಚುವರಿ ಸೌಲಭ್ಯ ಕೊಡುವ ಕಡತಗಳ) ಸಂಗ್ರಹವಾದ ಟೆಕ್ ಲೈವ್ ಪೂರ್ತಿಯಾಗಿ ಹಾಕಿದರೆ ಸುಮಾರು 7–8 ಗಿಗಾಬೈಟ್ ಹಿಡಿಯುತ್ತದೆ, ನಾನು ಬಳಸುವುದೋ 30 ಪ್ಯಾಕೇಜುಗಳನ್ನು ದಾಟುವುದಿಲ್ಲ. ಬೇಕೆನಿಸಿದಾಗ ಮಾತ್ರ ತರಿಸಿಕೊಳ್ಳುವ ವ್ಯವಸ್ಥೆಯನ್ನು ನಂಬಬಹುದೇ? ರಜೆಯಲ್ಲಿ ಊರಿಗೆ ಹೋದರೆ ಇಂಟರ್ನೆಟ್ ಸಿಗುವುದಿಲ್ಲ ಎಂಬುದೂ ಒಂದು ಚಿಂತೆ.

ಉತ್ತರ 1:
ನಂಬಬಹುದು. ಟೆಕ್ ಲೈವ್‌ನಂಥದೇ ಇನ್ನೊಂದು ಸಂಗ್ರಹವಾದ ಮಿಕ್‌ಟೆಕ್‌ನಲ್ಲಿ ಈ ಸೌಲಭ್ಯ ಮೊದಲಿನಿಂದಲೂ ಪ್ರಸಿದ್ಧ: ಕಂಪೈಲ್ ಮಾಡುವಾಗ (ಬರಹದಿಂದ ಪಿಡಿಎಫ್ ತಯಾರಿಸುವಾಗ) ಯಾವುದಾದರೂ ಕಡತ ಸಿಗದಿದ್ದರೆ, ಅದು ಯಾವ ಪ್ಯಾಕೇಜಿಗೆ ಸೇರಿದೆಯೆಂದು ತಾನೇ ಹುಡುಕಿ, ನಿಮ್ಮನ್ನು ಕೇಳಿಯೋ ಕೇಳದೆಯೋ ತರಿಸಿಕೊಂಡು ಕೆಲಸ ಮುಂದುವರಿಸುತ್ತದೆ. ಟೆಕ್ಟೋನಿಕ್ ಎಂಬ ಸಾಧನವೂ ಬೇಕಾದ ಕಡತಗಳನ್ನಷ್ಟೇ ಇಳಿಸಿಕೊಂಡು ಯಂತ್ರದ ಸ್ಥಳೀಯ ಸಂಗ್ರಹದಲ್ಲಿ (ಕ್ಯಾಶ್) ಇಟ್ಟುಕೊಳ್ಳುತ್ತದೆ. ಅದರ ಒಳಗಿರುವುದು ಝೀಟೆಕ್ (ಯೂನಿಕೋಡ್ ಓದಬಲ್ಲ ಟೆಕ್ ಎಂಜಿನ್) ಆದ್ದರಿಂದ ಯೂನಿಕೋಡ್ ಕನ್ನಡಕ್ಕೆ ತೊಂದರೆಯಿಲ್ಲ. ಒಮ್ಮೆ ಬಂದದ್ದು ನಿಮ್ಮ ಯಂತ್ರದಲ್ಲೇ ಉಳಿಯುವುದರಿಂದ ಪ್ರತಿ ಸಲ ಇಂಟರ್ನೆಟ್ ಬೇಕಾಗುವುದಿಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಪ್ರಬಂಧದಂಥ ದೀರ್ಘಕಾಲದ ಕೆಲಸಕ್ಕೆ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಎಲ್ಲ ಕಡತಗಳೂ ಆರಂಭದಲ್ಲೇ ಬೇಕಾಗುವುದಿಲ್ಲ. ಕೆಲವು ಅಕ್ಷರಶೈಲಿಗಳ ವಿವರಣಾ ಕಡತಗಳು ಆ ಶೈಲಿ ಮೊದಲ ಬಾರಿ ಬಳಕೆಯಾಗುವ ಪುಟಕ್ಕೆ ಬಂದಾಗ ಮಾತ್ರ ತೆರೆಯುತ್ತವೆ. ಆದ್ದರಿಂದ ಊರಿಗೆ ಹೊರಡುವ ಮುನ್ನ, ಒಂದೆರಡು ಅಧ್ಯಾಯಗಳನ್ನಲ್ಲ, ಅನುಬಂಧ ಮತ್ತು ಗ್ರಂಥಸೂಚಿ ಸಹಿತ ಇಡೀ ಪ್ರಬಂಧವನ್ನು ಕಂಪೈಲ್ ಮಾಡಿ, ಆಮೇಲೆ ಇಂಟರ್ನೆಟ್ ಕಡಿದು ಇನ್ನೊಮ್ಮೆ ಮಾಡಿ ನೋಡಿ.

ಎರಡನೆಯದು ಆವೃತ್ತಿಯ ಪ್ರಶ್ನೆ, ನನಗೆ ಇದೇ ಹೆಚ್ಚು ಮುಖ್ಯವೆನಿಸುತ್ತದೆ. ಮಿಕ್‌ಟೆಕ್ ನಿರಂತರವಾಗಿ ಬದಲಾಗುತ್ತದೆ, ಹಾಗಾಗಿ ಮಾರ್ಚಿನಲ್ಲಿ ತರಿಸಿದ ಪ್ಯಾಕೇಜೂ ಜುಲೈಯಲ್ಲಿ ತರಿಸಿದ್ದೂ ಪರಸ್ಪರ ಹೊಂದದೆ ಹೋಗುವ ಸಾಧ್ಯತೆಯಿದೆ. ಟೆಕ್ ಲೈವ್ ವರ್ಷಕ್ಕೊಮ್ಮೆ ಬರುತ್ತದೆ. ಹೊಸದು ಬಂದಾಗ ಹಿಂದಿನದು ಸ್ಥಿರಗೊಂಡು ಸಂಗ್ರಹದಲ್ಲಿ ಉಳಿಯುತ್ತದೆ. ಅದರ ಸಣ್ಣ ಸ್ಕೀಮನ್ನು (ಆಯ್ದ ಪ್ಯಾಕೇಜುಗಳ ಚಿಕ್ಕ ಗುಂಪನ್ನು) ದಾಖಲೆ ಮತ್ತು ಮೂಲ ಕಡತಗಳಿಲ್ಲದೆ ಹಾಕಿಕೊಂಡು, ಕೊರತೆ ಕಂಡಾಗ ಟಿಎಲ್‌ಎಂಜಿಆರ್ (tlmgr, ಟೆಕ್ ಲೈವ್‌ನ ಪ್ಯಾಕೇಜ್ ನಿರ್ವಾಹಕ) ಮೂಲಕ ಪ್ಯಾಕೇಜನ್ನು ನೀವೇ ಸೇರಿಸಿ. ತಾನಾಗಿ ಬರುವ ಅನುಕೂಲ ಇಲ್ಲಿಲ್ಲ, ಆದರೆ ಏನು ಬಂತೆಂಬುದು ನಿಮಗೆ ತಿಳಿದಿರುತ್ತದೆ. ಆ ಹೆಸರುಗಳನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಮಾರ್ಗದರ್ಶಕರ ಯಂತ್ರದಲ್ಲೂ ಅದೇ ವ್ಯವಸ್ಥೆಯನ್ನು ಕಟ್ಟಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸಣ್ಣ ಸ್ಕೀಮ್ ಹಾಕಿ, ಪಾಲಿಗ್ಲಾಸಿಯಾ (ಬೇರೆ ಬೇರೆ ಭಾಷೆಗಳಿಗೆ ಬೆಂಬಲ ಕೊಡುವ ಪ್ಯಾಕೇಜ್) ಸೇರಿದಂತೆ ಬೇಕಾದವುಗಳನ್ನು ಸೇರಿಸಿದೆ. ಇಂಟರ್ನೆಟ್ ಕಡಿದು ನೋಡಿದಾಗಲೂ ಇಡೀ ಪ್ರಬಂಧ ಕಂಪೈಲ್ ಆಯಿತು, ಆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಂದಿವೆ.

ಉತ್ತರ 2:
ಅದು ಪ್ಯಾಕೇಜಿನ ಕೊರತೆಯಲ್ಲ. ಫಾಂಟ್ ಆರಿಸುವ ಪ್ಯಾಕೇಜ್ ಆದ ಫಾಂಟ್‌ಸ್ಪೆಕ್‌ನಲ್ಲಿ ಫಾಂಟಿನ ಹೆಸರಿನ ಜೊತೆಗೆ ಲಿಪಿ ಕನ್ನಡವೆಂದು ಸೂಚಿಸಿ. ನೋಟೋ ಸಾನ್ಸ್ ಕನ್ನಡದಂಥ ಫಾಂಟನ್ನು ಝೀಟೆಕ್ ನಿಮ್ಮ ಯಂತ್ರದಿಂದಲೇ ಓದುತ್ತದೆ. ಅದನ್ನು ಮೊದಲೇ ಹಾಕಿಕೊಂಡಿರಬೇಕು.