ಎಂಟಿಬಿಗೆ ಫ್ಲಾಟ್ ಪೆಡಲ್: ಬೀದರ್‌ನ ಕೆಂಪು ಕಲ್ಲಿಗೂ ಎರೆ ಮಣ್ಣಿಗೂ ಒಗ್ಗುವಂಥದ್ದು ಯಾವುದು?

ಕಾರಂಜಾ_ಸವಾರ (ಬೀದರ್):

ಎಲ್ಲರಿಗೂ ನಮಸ್ಕಾರ್ರೀ. ನನ್ನದು ಹಾರ್ಡ್‌ಟೇಲ್ ಎಂಟಿಬಿ (ಮುಂದೆ ಮಾತ್ರ ಶಾಕ್ ಅಬ್ಸಾರ್ಬರ್ ಇರುವ ಮೌಂಟನ್ ಬೈಕ್), 29 ಇಂಚಿನ ಗಾಲಿ, ಮುಂದೆ 100 ಎಂಎಂ ಫೋರ್ಕ್. ಸೈಕಲ್ ಜೊತೆ ಬಂದ ಪ್ಲಾಸ್ಟಿಕ್ ಪೆಡಲ್ಲೇ ಇನ್ನೂ ಇದೆ. ಅದರ ಹಲ್ಲೆಲ್ಲ ಸವೆದು ನುಣ್ಣಗಾಗಿವೆ. ಊರೊಳಗೆ ಏನೂ ತೊಂದರೆ ಇಲ್ಲ. ಆದರೆ ಅಷ್ಟೂರಿನ ಗುಮ್ಮಟ ದಾಟಿ ಹೊಲದ ದಾರಿ ಹಿಡಿದಾಗ, ಇಲ್ಲಾ ಹೊನ್ನಿಕೇರಿ ಕಡೆ ಇಳಿಜಾರಿನಲ್ಲಿ ಗಾಲಿ ಕಲ್ಲಿನ ಮೇಲೆ ಎದ್ದು ಬಿದ್ದಾಗ, ಕಾಲು ಪೆಡಲ್ ಬಿಟ್ಟು ಮೇಲೆ ಎದ್ದುಬಿಡುತ್ತದೆ. ಅಲ್ಲಿಗೆ ಧೈರ್ಯವೇ ಹೋಗುತ್ತದೆ, ಬ್ರೇಕ್ ಹಿಡಿದು ಇಳಿದು ತಳ್ಳಿಕೊಂಡು ಹೋಗುವುದು.

ಫ್ಲಾಟ್ ಪೆಡಲ್, ಅಂದರೆ ಶೂ ಲಾಕ್ ಆಗದ, ಹಿಡಿತಕ್ಕೆ ಸಣ್ಣ ಪಿನ್ ಇರುವ ಚಪ್ಪಟೆ ಪೆಡಲ್ ಹಾಕಿಸಬೇಕು ಅಂತ ನೋಡುತ್ತಿದ್ದೇನೆ. ಅಲ್ಯೂಮಿನಿಯಂ ತಗೊಳ್ಳಬೇಕಾ, ನೈಲಾನ್ ಸಾಕಾ? ಪಿನ್ ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ಸೈಜ್ ಹೇಗೆ ನೋಡುವುದು? ನಾನು ಹಾಕುವುದು ಓಡುವ ಶೂ, ನಂಬರ್ 9. ಮಳೆಗಾಲದಲ್ಲಿ ಭಾಲ್ಕಿ ಕಡೆ ಹೋದರೆ ಎರೆ ಮಣ್ಣು, ಅದಕ್ಕೂ ನಡೆಯಬೇಕು. ಎಲ್ಲಾ ಸೇರಿ 4 ಸಾವಿರ ಖರ್ಚು ಮಾಡಬಲ್ಲೆ. ಇಲ್ಲಿ ಅಂಗಡಿಯಲ್ಲಿ ಕೈಲಿ ಹಿಡಿದು ನೋಡಿ ಆರಿಸುವಷ್ಟು ಮಾಲು ಸಿಗಲಿಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕು. ಅದಕ್ಕೇ ಮೊದಲು ಕೇಳೋಣ ಅಂತ.

ಶಹಾಬಾದ್_ಪರಸಿ (ಕಲಬುರಗಿ):

ಪೆಡಲ್ ವಿಷಯ ಆಮೇಲೆ ಹೇಳುತ್ತೇನೆ, ಮೊದಲು ಆ ಓಡುವ ಶೂ ಬಿಡಿ. ಇದನ್ನು ಯಾರೂ ಮೊದಲು ಹೇಳುವುದಿಲ್ಲ, ಎಲ್ಲರೂ ಪೆಡಲ್ ಬ್ರ್ಯಾಂಡ್‌ನಿಂದಲೇ ಶುರು ಮಾಡುತ್ತಾರೆ. ಓಡುವ ಶೂ ಅಡಿಭಾಗ ಮೆತ್ತನೆಯ ಫೋಮ್, ಮುಂದೆ ಹಿಂದೆ ಮೇಲೆ ಬಾಗಿರುತ್ತದೆ, ನಡುವೆ ದೊಡ್ಡ ದೊಡ್ಡ ಗೀರು. ಪಿನ್ ಆ ಗೀರಿನೊಳಗೆ ಬಿದ್ದರೆ ಹಿಡಿತವೇ ಇಲ್ಲ, ಫೋಮ್ ಮೇಲೆ ಬಿದ್ದರೆ ಪಾದ ತೂಗಾಡುತ್ತದೆ. ಎಷ್ಟು ದುಬಾರಿ ಪೆಡಲ್ ಹಾಕಿದರೂ ಅಷ್ಟೇ. ಬೇಕಾದದ್ದು ಸಪಾಟಾದ, ಸ್ವಲ್ಪ ಬಿರುಸಾದ, ಮೇಲ್ಪದರ ಮೃದು ರಬ್ಬರ್ ಇರುವ ಸೋಲ್. ಫೈವ್ ಟೆನ್ ಅಂತ ಒಂದು ಕಂಪನಿ ಇದೆ, 2011ರಲ್ಲಿ ಅಡಿಡಾಸ್ ಅದನ್ನು ಕೊಂಡಿತು. ಅವರ ಸ್ಟೆಲ್ತ್ ರಬ್ಬರ್ ಮೊದಲು ಬಂಡೆ ಹತ್ತುವವರ ಶೂಗೆ ಇತ್ತು, ಆಮೇಲೆ ಸೈಕಲ್‌ಗೂ ಬಂತು. ಹಿಡಿತ ಅಂದರೆ ಅದೇ. ಆದರೆ ನಿಮ್ಮ ಬಜೆಟ್‌ಗೆ ಆಗುವುದಿಲ್ಲ. ಸ್ಕೇಟ್‌ಬೋರ್ಡ್ ಆಡುವವರು ಹಾಕುವ ಥರದ ಚಪ್ಪಟೆ ರಬ್ಬರ್ ಸೋಲ್ ಶೂ ಯಾವ ಬ್ರ್ಯಾಂಡ್‌ನದಾದರೂ ಸರಿ, ಗಟ್ಟಿ ರಬ್ಬರ್ ಇರುವ ಸಾದಾ ಕ್ಯಾನ್ವಾಸ್ ಶೂ ಆದರೂ ಸರಿ, ಈಗಿನದಕ್ಕಿಂತ ಎಷ್ಟೋ ಛಲೋ. 4 ಸಾವಿರದಲ್ಲಿ ಅರ್ಧ ಶೂಗೆ ಇಡಿ.

ಈಗ ಪೆಡಲ್. ಪಕ್ಕದಿಂದ ತೆಗೆದ ಫೋಟೋ ನೋಡಿ, ಮೇಲಿನಿಂದ ತೆಗೆದದ್ದಲ್ಲ. ನಡುವೆ ಆಕ್ಸಲ್ (ಪೆಡಲ್ ತಿರುಗುವ ಅಚ್ಚು) ಇರುವ ಜಾಗ ಉಬ್ಬಿದ್ದರೆ ಅಂಥದ್ದು ಬೇಡ. ಪಾದ ಆ ಉಬ್ಬಿನ ಮೇಲೆ ಕೂತು ಮುಂದೆ ಹಿಂದೆ ಹೊರಳುತ್ತದೆ, ತುದಿಯ ಪಿನ್‌ಗಳಿಗೆ ಸೋಲ್ ಮುಟ್ಟುವುದೇ ಇಲ್ಲ. ನಡುವೆ ಸ್ವಲ್ಪ ತಗ್ಗು ಇರಬೇಕು, ಇಲ್ಲಾ ಮೈ ಸಪಾಟಾಗಿದ್ದರೂ ಮುಂದಿನ ಹಿಂದಿನ ಅಂಚಿನ ಪಿನ್ ನಡುವಿನ ಪಿನ್‌ಗಿಂತ ಎತ್ತರ ಇರಬೇಕು. ಆಗ ಪಾದ ಒಳಗೆ ಕೂತ ಹಾಗೆ ಆಗುತ್ತದೆ.

ಪಿನ್ ಎಣಿಸುತ್ತ ಕೂರಬೇಡಿ. ಒಂದು ಬದಿಗೆ 8 ಪಿನ್ ಇದ್ದರೂ ತೆಳ್ಳಗೆ, ಎತ್ತರಕ್ಕೆ ಇದ್ದರೆ ಚೆನ್ನಾಗಿ ಕಚ್ಚುತ್ತವೆ. ಗಿಡ್ಡ ಪಿನ್ ಹತ್ತಿರ ಹತ್ತಿರ 14 ಇದ್ದರೆ ಸೋಲ್ ಅವುಗಳ ಮೇಲೆ ಸುಮ್ನೆ ತೇಲುತ್ತದೆ. 4-5 ಎಂಎಂ ಎತ್ತರ ಸಾಕು. ಅದಕ್ಕಿಂತ ಮುಖ್ಯ, ಪಿನ್ ಯಾವ ಕಡೆಯಿಂದ ಹಾಕಿದ್ದಾರೆ ಅನ್ನುವುದು. ಹಿಂದಿನ ಬದಿಯಿಂದ ತೂರಿಸುವ ಪಿನ್ ಆದರೆ ಎಲ್ ಕೀ ಹಾಕುವ ತಲೆ ಕಲ್ಲಿಗೆ ತಾಕದೆ ಒಳಗೆ ಉಳಿಯುತ್ತದೆ. ತುದಿ ಬಾಗಿದರೂ ಹಿಂದಿನಿಂದ ಬಿಚ್ಚಬಹುದು. ಮೇಲಿನಿಂದಲೇ ಎಲ್ ಕೀ ಹಾಕಿ ಕೂರಿಸುವ ಪಿನ್ ಆದರೆ ಒಂದು ಸಲ ಕಲ್ಲಿಗೆ ಬಡಿದರೆ ಆ ತೂತೇ ಮುಚ್ಚಿಹೋಗುತ್ತದೆ. ಆಮೇಲೆ ಹ್ಯಾಂಡ್ ಪ್ಲಾಸ್ ಹಿಡಿದು ಕುಸ್ತಿ.

ಸೈಜ್ ಬಗ್ಗೆ: ನಂಬರ್ 9ಕ್ಕೆ ಸುಮಾರು 100 ಎಂಎಂ ಅಗಲ, 100 ಎಂಎಂ ಉದ್ದ ಇರುವ ಪೆಡಲ್ ಸಾಕು. 110 ದಾಟಿದರೆ ಪಾದಕ್ಕೆ ಆರಾಮ, ಆದರೆ ತಿರುವಿನಲ್ಲಿ ನೆಲಕ್ಕೆ ತಾಕುವುದೂ ಜಾಸ್ತಿ.

ನನ್ನ ಮಟ್ಟಿಗೆ ನಿಮಗೆ ನೈಲಾನ್. ರೇಸ್ ಫೇಸ್ ಚೆಸ್ಟರ್ ನೋಡಿ, ಇಲ್ಲಾ ಅದೇ ಆಕಾರದ, ಬದಲಾಯಿಸಬಹುದಾದ ಪಿನ್ ಇರುವ ಕಡಿಮೆ ಬೆಲೆಯ ಯಾವುದಾದರೂ.

ಬಸವಕಲ್ಯಾಣ_29:

ಪರಸಿ ಅಣ್ಣ ಶೂ ಬಗ್ಗೆ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಆದರೆ ನೈಲಾನ್ ಒಪ್ಪುವುದಿಲ್ಲ. ನಮ್ಮ ಕಡೆ ಕರಿ ಕಲ್ಲು, ಒಡೆದರೆ ಅಂಚು ಕತ್ತಿಯ ಹಾಗೆ. ಅಂಥ ಕಲ್ಲಿಗೆ ಪಿನ್ ಬಲವಾಗಿ ಬಡಿದರೆ ನೈಲಾನ್ ಒಳಗಿನ ಥ್ರೆಡ್ ಸಮೇತ ಕಿತ್ತುಕೊಂಡು ಬರುತ್ತದೆ. ಆಮೇಲೆ ಆ ತೂತಿಗೆ ಹೊಸ ಪಿನ್ ನಿಲ್ಲುವುದಿಲ್ಲ. ಅಲ್ಯೂಮಿನಿಯಂನಲ್ಲಿ ಪಿನ್ ಬಾಗುತ್ತದೆ, ಮುರಿಯುತ್ತದೆ, ಮೈ ಮಾತ್ರ ಉಳಿಯುತ್ತದೆ. ಶಿಮಾನೋ ಜಿಆರ್500 ಇದೆ, ಅಲ್ಯೂಮಿನಿಯಂ, ಭಾರ ಸ್ವಲ್ಪ ಜಾಸ್ತಿ, ಜೋಡಿ ಅರ್ಧ ಕಿಲೋ ದಾಟುತ್ತದೆ. ಆದರೆ ಒಳಗೆ ಗುಂಡು ಮತ್ತು ಕೋನ್, ಯಾವ ಊರಿನ ಸೈಕಲ್ ಮಿಸ್ತ್ರಿಯಾದರೂ ಬಿಚ್ಚಿ ತೊಳೆದು ಗ್ರೀಸ್ ತುಂಬಿ ಕೊಡುತ್ತಾನೆ. ಸೀಲ್ಡ್ ಬೇರಿಂಗ್ ಹೋದರೆ ಅಳತೆಯ ಬೇರಿಂಗ್ ಹುಡುಕಿಕೊಂಡು ಹೈದರಾಬಾದ್‌ಗೆ ಹೋಗಬೇಕಾಗುತ್ತದೆ. ನಮ್ಮಂಥ ಜಿಲ್ಲೆಗಳಲ್ಲಿ ರಿಪೇರಿ ಆಗುವ ಸಾಮಾನು ತಗೊಳ್ಳುವುದೇ ಸರಿ ಅಲ್ವಾ?

ಶಹಾಬಾದ್_ಪರಸಿ (ಕಲಬುರಗಿ):

ರಿಪೇರಿ ಮಾತು ಸರಿಯಾಗಿದೆ, ಅದನ್ನು ತೆಗೆದುಹಾಕುವ ಹಾಗಿಲ್ಲ. ಆದರೆ ಕಲ್ಲಿನ ಮಾತಿಗೆ ಇನ್ನೊಂದು ಮುಖ ಇದೆ. ಪೆಡಲ್ ಕಲ್ಲಿಗೆ ತಾಕಿದಾಗ ನೈಲಾನ್ ಜಾರಿಕೊಂಡು ಮುಂದೆ ಹೋಗುತ್ತದೆ. ಅಲ್ಯೂಮಿನಿಯಂ ಕಚ್ಚಿಕೊಂಡು ನಿಲ್ಲುತ್ತದೆ, ಸೈಕಲ್ ಪಕ್ಕಕ್ಕೆ ಎಗರುತ್ತದೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ಕಲ್ಲು ನೋಡಿದ್ದೀರಲ್ಲ, ಮೈಯೆಲ್ಲ ತೂತು, ಒರಟು. ಅದರ ಮೇಲೆ ಲೋಹ ಉಜ್ಜಿದರೆ ಅಂಚು ಎದ್ದು ಬ್ಲೇಡ್ ಆಗುತ್ತದೆ, ಆಮೇಲೆ ಅದನ್ನು ಕಾನಸು ಹಿಡಿದು ಉಜ್ಜಿ ತೆಗೆಯಬೇಕು. ಹಾರುವ, ಎತ್ತರದಿಂದ ಧುಮುಕುವ ಸವಾರರಿಗೆ ಅಲ್ಯೂಮಿನಿಯಂ ಬೇಕು. ಪ್ರಶ್ನೆ ಕೇಳಿದವರು ಹಾರ್ಡ್‌ಟೇಲ್‌ನಲ್ಲಿ ಹೊಲದ ದಾರಿ, ಮೊರಂ ರಸ್ತೆ, ಸಣ್ಣ ಇಳಿಜಾರು ಹೊಡೆಯುವವರು. ಅವರಿಗೆ ನೈಲಾನ್ ತಾಳುತ್ತದೆ.

ಅಗ್ಗದ ಅಲ್ಯೂಮಿನಿಯಂ ಮಾತ್ರ ಬೇಡವೇ ಬೇಡ. ಬಣ್ಣ ಬಣ್ಣದ್ದು, ಹೊಳೆಯುವಂಥದ್ದು, ಸಾವಿರದೊಳಗೆ ಸಿಗುತ್ತವೆ. ಅದೇ ದುಡ್ಡಿಗೆ ನೈಲಾನ್‌ನಲ್ಲಿ ಒಳ್ಳೆಯ ಆಕ್ಸಲ್ ಸಿಗುತ್ತದೆ. ಆಕ್ಸಲ್ ಕ್ರೋಮೊಲಿ ಉಕ್ಕಿನದು ಅಂತ ಬರೆದಿದೆಯಾ ನೋಡಿ. ಪೆಡಲ್ ಮೈ ಮುರಿದರೆ ನಡೆದು ಮನೆಗೆ ಬರಬಹುದು, ಇಳಿಜಾರಿನಲ್ಲಿ ಆಕ್ಸಲ್ ಮುರಿದರೆ ನೇರ ನೆಲಕ್ಕೆ.

ಮಲಗಿದಬುದ್ಧ_ಬೆಟ್ಟ (ಶಹಾಪುರ, ಯಾದಗಿರಿ ಜಿಲ್ಲೆ):

ಅಣ್ಣಂದಿರು ಎಲ್ಲರೂ ನಂಬರ್ 9, 10ರ ಲೆಕ್ಕದಲ್ಲೇ ಮಾತಾಡುತ್ತಿದ್ದೀರಿ. ಇದನ್ನು ಓದುವ ಹೆಣ್ಣುಮಕ್ಕಳಿಗೂ ಸ್ವಲ್ಪ ಹೇಳುತ್ತೇನೆ. ನನ್ನ ಪಾದ ನಂಬರ್ 5. ದೊಡ್ಡ ಪೆಡಲ್ ಹಾಕಿದರೆ ಅಂಚಿನ ಪಿನ್ ಶೂ ಹೊರಗೇ ಉಳಿಯುತ್ತವೆ. ಅವು ಹಿಡಿತ ಕೊಡುವುದಿಲ್ಲ, ಕಾಲು ಮಾತ್ರ ಗೀರುತ್ತವೆ. ಕ್ರ್ಯಾಂಕ್‌ಬ್ರದರ್ಸ್ ಸ್ಟ್ಯಾಂಪ್ ಅನ್ನುವ ಪೆಡಲ್ ಚಿಕ್ಕದು, ದೊಡ್ಡದು ಅಂತ ಎರಡು ಸೈಜ್‌ನಲ್ಲಿ ಬರುತ್ತದೆ. ಅದರಲ್ಲಿ ಸ್ಟ್ಯಾಂಪ್ 1 ಅನ್ನುವುದು ನೈಲಾನ್ ಥರದ್ದೇ. ಶೂ ಯುರೋಪ್ ಸೈಜ್ 43ರವರೆಗೆ ಚಿಕ್ಕದು, ಅದರ ಮೇಲೆ ದೊಡ್ಡದು. ಚಿಕ್ಕ ಪಾದದವರು ಇದನ್ನು ನೋಡಬಹುದು.

ಇನ್ನೊಂದು ಮಾತು, ಕಾಲಿನ ಮುಂದಿನ ಎಲುಬು. ಪೆಡಲ್ ಜಾರಿ ತಿರುಗಿ ಬಂದು ಅಲ್ಲಿಗೆ ಹೊಡೆದರೆ ಪಿನ್ ಚರ್ಮ ಸೀಳಿಬಿಡುತ್ತದೆ. ನಮ್ಮ ಕಡೆ ಬೆಟ್ಟದಲ್ಲಿ ದುಂಡನೆಯ ಗ್ರಾನೈಟ್ ಬಂಡೆ, ಮೇಲೆ ಸಣ್ಣ ಮರಳು, ಜಾರುವುದು ಸಹಜ. ಹೊಸ ಪೆಡಲ್ ಹಾಕಿದ ಮೊದಲ ದಿನಗಳಲ್ಲಿ ಶಿನ್ ಗಾರ್ಡ್ ಹಾಕಿಕೊಳ್ಳಿ. ಫುಟ್‌ಬಾಲ್ ಆಡುವವರು ಹಾಕುವಂಥದ್ದೇ ನಡೆಯುತ್ತದೆ, ಜಿಲ್ಲಾ ಊರಿನ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಪಿನ್ ತೀರಾ ಚೂಪು ಅನ್ನಿಸಿದರೆ ನಡುವಿನ ಎರಡು ಬಿಚ್ಚಿಡಿ. ಅದರಿಂದ ಪಾದ ಒಳಗೆ ಇನ್ನೂ ಚೆನ್ನಾಗಿ ಕೂರುತ್ತದೆ.

ಮತ್ತೆ ಪಾದ ಇಡುವ ರೀತಿ. ಬೆರಳ ಬುಡ ಆಕ್ಸಲ್ ಮೇಲೆ ಇಡುವುದು ರೋಡ್ ಸೈಕಲ್‌ನವರ ಅಭ್ಯಾಸ. ಇಲ್ಲಿ ಪಾದ ಸ್ವಲ್ಪ ಮುಂದೆ ತನ್ನಿ, ಬೆರಳ ಬುಡಕ್ಕೂ ಪಾದದ ನಡುವಿಗೂ ಮಧ್ಯೆ ಆಕ್ಸಲ್ ಬರಲಿ. ಇಳಿಜಾರಿನಲ್ಲಿ ಹಿಮ್ಮಡಿ ಕೆಳಗೆ ಒತ್ತಿ. ಗಾಲಿ ಕಲ್ಲಿಗೆ ಬಡಿದಾಗ ಆ ಬಲ ಪಾದವನ್ನು ಪೆಡಲ್ ಒಳಗೇ ತಳ್ಳುತ್ತದೆ. ಬೆರಳು ಕೆಳಗೆ, ಹಿಮ್ಮಡಿ ಮೇಲೆ ಇದ್ದರೆ ಅದೇ ಏಟು ಪಾದವನ್ನು ಕಿತ್ತೆಸೆಯುತ್ತದೆ. ಹೊನ್ನಿಕೇರಿ ಇಳಿಜಾರಿನಲ್ಲಿ ನಿಮ್ಮ ಕಾಲು ಏಳುವುದಕ್ಕೆ ಇದೂ ಒಂದು ಕಾರಣ ಇರಬಹುದು, ಈಗಿರುವ ಪೆಡಲ್‌ನಲ್ಲೇ ಮಾಡಿ ನೋಡಿ.

ಕಾರಂಜಾ_ಸವಾರ (ಬೀದರ್):

ಅಕ್ಕಾ, ಭಾಳ ಉಪಕಾರ ಆಯಿತು. ಹಿಮ್ಮಡಿ ವಿಷಯ ಯಾರೂ ಹೇಳಿರಲಿಲ್ಲ. ನಾಳೆ ಬೆಳಿಗ್ಗೆ ಚಿದ್ರಿ ಕಡೆ ಹೋಗಿ ನೋಡುತ್ತೇನೆ.

ಇನ್ನೂ ಎರಡು ಪ್ರಶ್ನೆ. ಒಂದು, ಗೆಳೆಯನೊಬ್ಬ ಫ್ಲಾಟ್ ಬಿಟ್ಟು ಎಸ್‌ಪಿಡಿ ಹಾಕು, ಶೂ ಲಾಕ್ ಆಗುತ್ತದೆ, ಕಾಲು ಏಳುವ ಮಾತೇ ಇಲ್ಲ ಅನ್ನುತ್ತಾನೆ. ಎರಡು, ಎರೆ ಮಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ.

ಬಸವಕಲ್ಯಾಣ_29:

ಎಸ್‌ಪಿಡಿ ಶಿಮಾನೋ 1990ರಲ್ಲಿ ತಂದದ್ದು, ದೂರದ ಸವಾರಿಗೆ, ಏರು ತುಳಿಯುವುದಕ್ಕೆ ಒಳ್ಳೆಯದೇ. ಆದರೆ ಕಾಲಿಗೆ ಲಾಕ್ ಹಾಕಿ ಹೆದರಿಕೆ ಮುಚ್ಚಿಡುವುದಕ್ಕಿಂತ ಮೊದಲು ಫ್ಲಾಟ್ ಮೇಲೆ ನಿಲ್ಲುವುದು ಕಲಿಯಿರಿ. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2017, 2018, 2019 ಸತತ ಮೂರು ವರ್ಷ ಎಂಡ್ಯೂರೋ ವರ್ಲ್ಡ್ ಸೀರೀಸ್ ಅನ್ನುವ ಎಂಟಿಬಿ ರೇಸ್ ಸರಣಿ ಗೆದ್ದದ್ದು ಫ್ಲಾಟ್ ಪೆಡಲ್ ಮೇಲೇ. ಅವನ ಜೊತೆ ಓಡಿದವರಲ್ಲಿ ಬಹಳಷ್ಟು ಜನ ಲಾಕ್ ಆಗುವ ಪೆಡಲ್‌ನವರು. ಹಾಗಾಗಿ ಫ್ಲಾಟ್ ಅಂದರೆ ಬರೀ ಕಲಿಯುವವರದ್ದು ಅನ್ನುವ ಮಾತು ನಂಬಬೇಡಿ.

ಶಹಾಬಾದ್_ಪರಸಿ (ಕಲಬುರಗಿ):

ಎರೆ ಮಣ್ಣಿಗೆ ಬರುತ್ತೇನೆ. ಹಸಿ ಎರೆಯಲ್ಲಿ ಎಸ್‌ಪಿಡಿ ಹಾಕಿದರೆ ಶೂ ತಳದ ಕ್ಲೀಟ್ (ಪೆಡಲ್‌ಗೆ ಸಿಕ್ಕಿಕೊಳ್ಳುವ ಲೋಹದ ತುಂಡು) ಒಳಗೆ ಮಣ್ಣು ತುಂಬಿ ಲಾಕೇ ಆಗುವುದಿಲ್ಲ. ಒಂದು ಸಲ ಕಾಲು ಕೆಳಗೆ ಇಟ್ಟರೆ ಮುಗಿಯಿತು, ಕಡ್ಡಿ ಹಿಡಿದು ಕೆರೆಯುತ್ತ ಕೂರಬೇಕು. ಫ್ಲಾಟ್‌ನಲ್ಲಿ ಆ ರಗಳೆ ಕಡಿಮೆ. ಮೈ ತುಂಬ ದೊಡ್ಡ ಕಿಂಡಿ ಇರುವ ಪೆಡಲ್ ಆರಿಸಿ, ಮಣ್ಣು ಒತ್ತಿದಾಗ ಕೆಳಗೆ ಹೊರಬೀಳಬೇಕು. ಮುಚ್ಚಿದ ಹಲಗೆಯಂಥ ಪೆಡಲ್‌ನಲ್ಲಿ ಮಣ್ಣು ಪಿನ್ ಎತ್ತರಕ್ಕೆ ಕೂತು ಗಟ್ಟಿಯಾಗುತ್ತದೆ.

ಆದರೂ ಮಳೆ ಬಿದ್ದ ದಿನ, ಮಾರನೇ ದಿನ ಎರೆ ಹೊಲದ ದಾರಿಗೆ ಹೋಗಲೇಬೇಡಿ. ಪೆಡಲ್‌ಗಿಂತ ಮೊದಲು ಗಾಲಿ ನಿಲ್ಲುತ್ತದೆ, ಫೋರ್ಕ್ ಮಧ್ಯೆ ಮಣ್ಣು ತುರುಕಿಕೊಂಡು. ಹೊಲದವರು ಓಡಾಡುವ ದಾರಿಯಲ್ಲಿ ಚರಂಡಿ ಹಾಗೆ ಗಾಲಿ ಗುರುತು ಬೀಳುತ್ತದೆ, ಒಣಗಿದ ಮೇಲೆ ಎತ್ತಿನ ಬಂಡಿ, ಬೈಕ್ ಎಲ್ಲಕ್ಕೂ ತ್ರಾಸು. ನಿಮ್ಮ ಅದೃಷ್ಟ, ಬೀದರ್ ಸುತ್ತ ಕೆಂಪು ಕಲ್ಲಿನ ನೆಲ ಇದೆ, ನೀರು ಬೇಗ ಇಂಗುತ್ತದೆ. ಮಳೆಗಾಲದಲ್ಲಿ ಆ ಕಡೆ ಹೋಗಿ, ಭಾಲ್ಕಿ ಕಡೆಯದು ಚಳಿಗಾಲಕ್ಕೆ ಇರಲಿ. ನಮ್ಮ ಚಿಂಚೋಳಿ, ಚಂದ್ರಂಪಳ್ಳಿ ಕಡೆ ಬರುವುದಾದರೆ ಅದು ವನ್ಯಜೀವಿ ಅಭಯಾರಣ್ಯ, ಅರಣ್ಯ ಇಲಾಖೆಯವರನ್ನು ಕೇಳಿಯೇ ಒಳಗೆ ಹೋಗಬೇಕು.

ಮನೆಗೆ ಬಂದಮೇಲೆ ಬೈಕ್ ತೊಳೆಯುವ ಪ್ರೆಶರ್ ಪಂಪ್ ಪೆಡಲ್ ಕಡೆ ಹಿಡಿಯಬೇಡಿ. ಆ ರಭಸಕ್ಕೆ ನೀರು ಸೀಲ್ ದಾಟಿ ಒಳಗೆ ಹೋಗುತ್ತದೆ, ಗ್ರೀಸ್ ಹೊರಗೆ ಬರುತ್ತದೆ. ಬಕೆಟ್ ನೀರು, ಹಳೇ ಬ್ರಷ್ ಸಾಕು.

ಪಾನಾ_ಪೆಟ್ಟಿಗೆ (ಕಲಬುರಗಿ):

ನಾನು ಸೈಕಲ್ ರಿಪೇರಿ ಕೆಲಸದವನು. ತಮ್ಮಾ, ಯಾವುದನ್ನಾದರೂ ತರಿಸು, ಆದರೆ ಹಾಕುವಾಗ ಹುಷಾರು. ಪೆಡಲ್ ಹಾಳಾಗುವುದಕ್ಕಿಂತ ಕ್ರ್ಯಾಂಕ್ (ಪೆಡಲ್ ಕೂರಿಸುವ ತೋಳು) ಹಾಳಾಗಿ ಬರುವವರೇ ಜಾಸ್ತಿ.

ನಿನ್ನ ಎಂಟಿಬಿಗೆ 9/16 ಇಂಚಿನ ಥ್ರೆಡ್ ಇರುತ್ತದೆ. 1/2 ಇಂಚಿನದು ಮಕ್ಕಳ ಸೈಕಲ್ಲಿನ ಒಂದೇ ತುಂಡಿನ ಕ್ರ್ಯಾಂಕಿಗೆ ಬರುವಂಥದ್ದು. ತರಿಸುವ ಮೊದಲು ಅದನ್ನು ಓದಿ ನೋಡು. ಪೆಡಲ್ ಆಕ್ಸಲ್ ಮೇಲೆ ಎಲ್, ಆರ್ ಅಂತ ಅಕ್ಷರ ಇರುತ್ತದೆ. ಎಡಗಡೆಯದು ಉಲ್ಟಾ ಥ್ರೆಡ್, ತುಳಿಯುತ್ತ ತುಳಿಯುತ್ತ ತಾನೇ ಸಡಿಲ ಆಗಬಾರದು ಅಂತ. ಗೊಂದಲ ಆದರೆ ಒಂದೇ ನೆನಪಿಡು: ಪಾನಾ ಹಿಡಿಕೆ ಮೇಲೆ ಮುಖ ಮಾಡಿ ಇಟ್ಟು ಮುಂದಿನ ಗಾಲಿ ಕಡೆ ಎಳೆದರೆ ಎರಡೂ ಬದಿ ಬಿಗಿ, ಹಿಂದಿನ ಗಾಲಿ ಕಡೆ ಎಳೆದರೆ ಎರಡೂ ಬದಿ ಸಡಿಲ. ಹಳೇದು ಬಿಚ್ಚಲು 15 ನಂಬರ್ ಪಾನಾ, ತೆಳ್ಳಗಿನದು ಬೇಕು. ಹೊಸದಕ್ಕೆ ಪಾನಾ ಹಿಡಿಯುವ ಜಾಗವೇ ಇರಲಿಕ್ಕಿಲ್ಲ. ಆಗ ಕ್ರ್ಯಾಂಕ್ ಹಿಂದಿನಿಂದ ಎಲ್ ಕೀ, ಕೆಲವಕ್ಕೆ 6 ಎಂಎಂ, ಕೆಲವಕ್ಕೆ 8.

ಥ್ರೆಡ್‌ಗೆ ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸು. ಬೆರಳಿಗೆ ಬಿಗಿ ಬಂದರೆ ಅಲ್ಲೇ ನಿಲ್ಲಿಸಿ ಹಿಂದೆ ತೆಗೆ, ಪಾನಾ ಹಾಕಿ ಜಬರ್ದಸ್ತಿ ಮಾಡಬೇಡ. ಕ್ರ್ಯಾಂಕ್ ಅಲ್ಯೂಮಿನಿಯಂ, ಪೆಡಲ್ ಆಕ್ಸಲ್ ಉಕ್ಕು, ಅಡ್ಡ ಹೋದರೆ ಸೋಲುವುದು ಕ್ರ್ಯಾಂಕೇ. ಕೊನೆಗೆ ಗಟ್ಟಿಯಾಗಿ ಬಿಗಿ ಮಾಡು, ಟಾರ್ಕ್ ಪಾನಾ ಇದ್ದರೆ 35-40 ನ್ಯೂಟನ್ ಮೀಟರ್. ಗ್ರೀಸ್ ಇಲ್ಲದೆ ಹಾಕಿದರೆ ಕಿರ್ ಕಿರ್ ಸದ್ದು ಶುರುವಾಗುತ್ತದೆ, ಮುಂದಿನ ವರ್ಷ ಬಿಚ್ಚಲಿಕ್ಕೂ ಬರುವುದಿಲ್ಲ.

ಕಾರಂಜಾ_ಸವಾರ (ಬೀದರ್):

ಎಲ್ಲರಿಗೂ ಧನ್ಯವಾದ. ಹಿಂದಿನಿಂದ ಹಾಕುವ ಪಿನ್, ಕ್ರೋಮೊಲಿ ಆಕ್ಸಲ್, ದೊಡ್ಡ ಕಿಂಡಿ ಇರುವ ನೈಲಾನ್ ಪೆಡಲ್ ಒಂದು ಬಜೆಟ್ ಒಳಗೇ ಸಿಕ್ಕಿದೆ, ಅಗಲ 100 ಎಂಎಂ. ಪಕ್ಕದ ಫೋಟೋ ಕೂಡ ನೋಡಿದೆ, ನಡುವೆ ಉಬ್ಬಿಲ್ಲ. ಉಳಿದ ದುಡ್ಡಿಗೆ ಚಪ್ಪಟೆ ಸೋಲ್ ಶೂ. ಬಿಡಿ ಪಿನ್ ಒಂದು ಪ್ಯಾಕೆಟ್ ಜೊತೆಗೇ ತರಿಸಲಾ, ಆಮೇಲೆ ನೋಡಿದರೆ ಆಯಿತಾ?

ಬಸವಕಲ್ಯಾಣ_29:

ಜೊತೆಗೇ ತರಿಸಿ. ಪಿನ್ ಮುರಿದ ಮೇಲೆ ಹುಡುಕಿದರೆ ಅದೇ ಅಳತೆಯದು ಸಿಗುವುದು ಕಷ್ಟ. ಬಂದ ಕೂಡಲೇ ಎಲ್ಲಾ ಪಿನ್ ಒಂದೊಂದಾಗಿ ಎಲ್ ಕೀ ಹಾಕಿ ನೋಡಿ, ಕಂಪನಿಯಿಂದಲೇ ಸಡಿಲ ಬಂದಿರುತ್ತವೆ ಕೆಲವು. ನೈಲಾನ್ ಅಲ್ವಾ, ಹಗುರ ಕೈಯಲ್ಲಿ ಬಿಗಿ ಮಾಡಿ.